ಭಾನುವಾರದ ಕ್ವಿಜ್: ಈ ಸಲದ ಹೆಸರು ಜ್ವೊನಿಮಿರ್

ಎಲ್ಲರಿಗೂ ನಮಸ್ಕಾರ. ಭಾನುವಾರ ರಾತ್ರಿ 8ಕ್ಕೆ ಕ್ವಿಜ್ ಇದೆ. ‘ಒಂದೇ ಹೆಸರು’ ಸುತ್ತಿಗೆ ಕ್ರೊಯೇಷಿಯಾದ ಹಳೇ ಹೆಸರು ಜ್ವೊನಿಮಿರ್ ಆರಿಸಿದ್ದೇನೆ. ಮೂವರ ಬಗ್ಗೆ ಓದಿಕೊಂಡು ಬನ್ನಿ.

ಮೊದಲನೆಯವನು 11ನೇ ಶತಮಾನದ ದೊರೆ. ಅವನು ಕೊಟ್ಟ ಭೂದಾನದ ಮಾತು ಕ್ರ್ಕ್ ದ್ವೀಪದ ಬಾಷ್ಕಾ ಕಲ್ಲಿನ ಮೇಲಿದೆ. ದಾನ ಅಲ್ಲಗಳೆದವರಿಗೆ ಶಾಪವೂ ಇದೆ. ಥೇಟ್ ನಮ್ಮ ಶಾಸನಗಳ ಹಾಗೇ, ಅಲ್ವಾ? ಆಮೇಲೆ ಫುಟ್‌ಬಾಲ್‌ನ ಬೋಬನ್, 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ತಂಡದ ನಾಯಕ. ಇನ್ನೊಬ್ಬರು ಗಣಿತಜ್ಞ ಯಾಂಕೊ.

ಉತ್ತರದಲ್ಲಿ ಅಡ್ಡಹೆಸರನ್ನೂ (ಸರ್‌ನೇಮ್) ಬರೆಯಿರಿ. ಕಳೆದ ಸಲ ಸುಮ್ನೆ ಹೆಸರಷ್ಟೇ ಬರೆದಿರಿ, ಅಂಕ ಕೊಡಲು ಒದ್ದಾಡಿಬಿಟ್ಟೆ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ತಂಡ ಮಾಡಬೇಕು.