ಗಾಜಿನ ಕತೆ ಸರಿಯಾಗಿ ಹೇಳೋಣ

ಮಾನ್ಯ ಸಂಪಾದಕರೇ,

ಗಾಜು ಹುಟ್ಟಿದ್ದು ಹೇಗೆ ಎಂದರೆ ಮಕ್ಕಳ ಪುಸ್ತಕಗಳಲ್ಲಿ ಇವತ್ತಿಗೂ ಒಂದೇ ಕತೆ. ಫಿನೀಷಿಯಾದ (ಇಂದಿನ ಲೆಬನಾನ್ ಸುತ್ತಿನ ನಾಡು) ಕಡಲತೀರದಲ್ಲಿ ವ್ಯಾಪಾರಿಗಳು ಸೋಡಾ ಎಂಬ ಕ್ಷಾರದ ಗಟ್ಟಿಗಳ ಮೇಲೆ ಪಾತ್ರೆ ಇಟ್ಟು ಅಡುಗೆ ಮಾಡಿದರು, ಮರಳು ಕರಗಿ ಗಾಜಾಯಿತು! ಇದನ್ನು ಕ್ರಿ.ಶ. 1ನೇ ಶತಮಾನದಲ್ಲಿ ಬರೆದವನು ರೋಮಿನ ಲೇಖಕ ಪ್ಲಿನಿ. ಅವನೂ ಇದನ್ನು ಜನರ ಬಾಯಿಮಾತು ಎಂದೇ ಹೇಳಿದ್ದ.

ಬರೀ ಮರಳು ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಸೋಡಾ ಬೆರೆಸಿದರೂ ಸಾವಿರ ಡಿಗ್ರಿಯ ಆಸುಪಾಸಿನ ಶಾಖವನ್ನು ಗಂಟೆಗಟ್ಟಲೆ ಹಿಡಿದಿಡಬೇಕು. ಬಯಲಿನ ಒಲೆಯಲ್ಲಿ ಅದು ಆಗುವ ಮಾತಲ್ಲ, ಅಲ್ವಾ?

ನಿಜವಾದ ಕತೆ ಇದಕ್ಕಿಂತ ಚೆನ್ನಾಗಿದೆ. ಮೆಸೊಪೊಟೇಮಿಯಾದಲ್ಲಿ (ಇಂದಿನ ಇರಾಕ್ ಸುತ್ತಿನ ನಾಡು) 4,000 ವರ್ಷಕ್ಕೂ ಹಳೆಯ ಗಾಜಿನ ಮಣಿಗಳು ಸಿಕ್ಕಿವೆ. ಈಜಿಪ್ಟಿನ ಕಂತೀರ್‌ನಲ್ಲಿ ಕ್ರಿ.ಪೂ. 1250ರ ಸುಮಾರಿನ ಗಾಜಿನ ಕಾರ್ಖಾನೆಯ ಕುರುಹುಗಳಿವೆ. ಅಲ್ಲಿನವರು ಬೆಣಚುಕಲ್ಲನ್ನು ಪುಡಿ ಮಾಡಿ, ಗಿಡದ ಬೂದಿ ಬೆರೆಸಿ, ಮೊದಲು ಮಣ್ಣಿನ ಮಡಕೆಯಲ್ಲಿ ಕಾಯಿಸುತ್ತಿದ್ದರು. ಆಮೇಲೆ ಬಣ್ಣ ಸೇರಿಸಿ, ಇನ್ನೂ ಜಾಸ್ತಿ ಶಾಖದಲ್ಲಿ ಕರಗಿಸಿ ಗಾಜಿನ ಗಟ್ಟಿಗಳನ್ನು ಮಾಡುತ್ತಿದ್ದರು. ಟರ್ಕಿಯ ಉಲುಬುರುನ್ ಬಳಿ ಕ್ರಿ.ಪೂ. 14ನೇ ಶತಮಾನದಲ್ಲಿ ಮುಳುಗಿದ ಹಡಗಿನಲ್ಲಿ ಇಂಥ ಸುಮಾರು 175 ಗಟ್ಟಿಗಳಿದ್ದವು. ಹೆಚ್ಚಿನವು ಕಡುನೀಲಿ! ಊದಿ ಗಾಜು ಮಾಡುವ ಕಲೆ ಬಂದಿದ್ದು ಇದಾಗಿ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ.

ತಲೆಮಾರುಗಟ್ಟಲೆ ಕುಲುಮೆಯ ಮುಂದೆ ದುಡಿದವರ ಜಾಣ್ಮೆಯನ್ನು ಆಕಸ್ಮಿಕ ಎಂದುಬಿಡುವುದು ಅನ್ಯಾಯ. ನಿಮ್ಮ ಮಕ್ಕಳ ಪುಟದಲ್ಲಿ ಕಂತೀರ್ ಮತ್ತು ಉಲುಬುರುನ್ ಬಗ್ಗೆ ಚಿತ್ರಸಹಿತ ಲೇಖನ ಹಾಕಿ ಎಂದು ಕೋರುತ್ತೇನೆ.

– ಒಬ್ಬ ವಿಜ್ಞಾನ ಶಿಕ್ಷಕಿ, ಹಾಸನ