ಡೈನಾಮಿಕ್ ಬ್ಲಾಕಿನ ಸ್ವತಂತ್ರ ಪ್ರತಿ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಕಾರವಾರದ ಚಿರೆಕಲ್ಲಿನ ಮನೆಗೆಂದು ರಚಿಸಿದ ಕಿಟಕಿಯ ಡೈನಾಮಿಕ್ ಬ್ಲಾಕನ್ನು (ಅಳತೆ ಬದಲಿಸಬಲ್ಲ, ಹೆಸರಿಟ್ಟ ಸಿದ್ಧ ಚಿತ್ರವನ್ನು) ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಕಾಪಿ ಮಾಡಿದಾಗ ದೊರೆಯುವುದು ಅದೇ ಬ್ಲಾಕಿನ ಮತ್ತೊಂದು ಬಳಕೆಯೇ ಹೊರತು ಸ್ವತಂತ್ರ ಪ್ರತಿಯಲ್ಲ. ಗ್ರಿಪ್ (ಚಿತ್ರದ ಮೇಲಿನ ಹಿಡಿಕೆಯ ಗುರುತು) ಎಳೆದು ಒಂದು ಕಿಟಕಿಯ ಅಗಲವನ್ನು ಬದಲಿಸಿದರೆ ಉಳಿದವು ಹಾಗೆಯೇ ಇರುತ್ತವೆಯಾದರೂ, ಬ್ಲಾಕ್ ಎಡಿಟರ್‌ನಲ್ಲಿ ಮೂಲ ರಚನೆಯನ್ನು ತಿದ್ದಿದರೆ ಆ ನಕ್ಷೆಯಲ್ಲಿರುವ ಅದೇ ಹೆಸರಿನ ಎಲ್ಲ ಕಿಟಕಿಗಳೂ ಬದಲಾಗುತ್ತವೆ.

ಆದ್ದರಿಂದ ಮಳೆಯ ದಿಕ್ಕಿನ ಕಿಟಕಿಗೆ ಮಾತ್ರ ಸಜ್ಜಾ ಸೇರಿಸಬೇಕಾದಾಗ, ಬ್ಲಾಕನ್ನು ಬಿಎಡಿಟ್ (BEDIT) ಕಮಾಂಡಿನಿಂದ ಬ್ಲಾಕ್ ಎಡಿಟರ್‌ನಲ್ಲಿ ತೆರೆದು, ತಿದ್ದುವ ಮೊದಲೇ ಬಿಸೇವ್‌ಆಸ್ (BSAVEAS) ಕಮಾಂಡಿನ ಮೂಲಕ ಬೇರೆ ಹೆಸರಿನಲ್ಲಿ ಉಳಿಸಿ, ಬಳಿಕ ಅದನ್ನೇ ತಿದ್ದಿ ನಕ್ಷೆಗೆ ಸೇರಿಸತಕ್ಕದ್ದು. ಒಳಗೆ ಬೇರೊಂದು ಬ್ಲಾಕ್ ಅಡಕವಾಗಿದ್ದರೆ ಅದು ಇನ್ನೂ ಮೂಲ ಬ್ಲಾಕಿಗೂ ಹೊಸದಕ್ಕೂ ಒಂದೇ ಆಗಿರುತ್ತದೆ. ಅದಕ್ಕೂ ಪ್ರತ್ಯೇಕ ಹೆಸರು ಬೇಕು. ‘ಕಿಟಕಿ ಹೊಸದು’ ಎಂಬಂಥ ಹೆಸರುಗಳಿಂದ ಯಾರಿಗೂ ಉಪಯೋಗವಿಲ್ಲ.

ಶಿರಸಿಯ ಸದಸ್ಯರು ಕಳುಹಿಸಿದ ಬ್ಲಾಕನ್ನು ಅಂಟಿಸುವಾಗ ನಿಮ್ಮ ನಕ್ಷೆಯಲ್ಲಿ ಅದೇ ಹೆಸರಿನ ಬ್ಲಾಕ್ ಮೊದಲೇ ಇದ್ದರೆ, ಅವರ ರಚನೆಯ ಬದಲು ನಿಮ್ಮದೇ ಕಾಣಿಸಿಕೊಳ್ಳುವುದರಿಂದ, ಹಂಚುವ ಮುನ್ನ ಹೆಸರಿನೊಂದಿಗೆ ಊರು ಮತ್ತು ಗೋಡೆಯ ದಪ್ಪವನ್ನು ಸೇರಿಸಬೇಕೆಂದು ಕೋರಲಾಗಿದೆ.