ಬೇರಿಂಗ್ ಅಳೆಯದೆ ಆಯಿಲ್ ಪಂಪ್ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಮಾರ್ಪಡಿಸಿದ ಕಾರುಗಳ ಬಗ್ಗೆ ವಾಹನ ಪುಟಗಳಲ್ಲಿ ಬರುವ ಬರಹಗಳು ಬಹುಪಾಲು ಟರ್ಬೊ, ಕ್ಯಾಮ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹತ್ತಿರವೇ ನಿಂತುಬಿಡುತ್ತವೆ. ತಿರುಗುವ ಭಾಗಗಳಿಗೆ ಎಣ್ಣೆ ತಲುಪಿಸಿ, ಎಂಜಿನ್ ಉಳಿಯುತ್ತದೋ ಜಾಮ್ ಆಗುತ್ತದೋ ಎಂಬುದನ್ನು ನಿರ್ಧರಿಸುವ ಆಯಿಲ್ ಪಂಪ್ ಬಗ್ಗೆ ಬರೆಯುವವರು ಕಡಿಮೆ. ಹೀಗಾಗಿ ರ‍್ಯಾಲಿಗೆ, ಟ್ರ್ಯಾಕಿಗೆ ಎಂಜಿನ್ ಕಟ್ಟಿಸುವವರು ‘ಹೈ ವಾಲ್ಯೂಮ್ (ಹೆಚ್ಚು ಎಣ್ಣೆ ಕೊಡುವ) ಪಂಪ್ ಹಾಕಿಸಿಬಿಡಿ’ ಎಂಬ ಬಾಯಿಮಾತನ್ನೇ ನಂಬಿ ದುಡ್ಡು ಸುರಿಯುತ್ತಾರೆ. (ರಸ್ತೆಯಲ್ಲಿ ಓಡುವ ಗಾಡಿಯ ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಬರುತ್ತದೆ. ಇಲ್ಲಿನ ಮಾತು ಸ್ಪರ್ಧೆಯ ಕಾರುಗಳದ್ದು.)

ಆ ಬಾಯಿಮಾತು ಬೇರುಬಿಟ್ಟಿದ್ದು ಅಮೆರಿಕದ ವಿ8 ಎಂಜಿನ್‌ಗಳಲ್ಲಿ. ಶೆವ್ರೊಲೆ ಸ್ಮಾಲ್ ಬ್ಲಾಕ್‌ನ ಪಂಪ್ ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಸಂಪಿನೊಳಗೆ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಹಿಡಿದಿಡುವ ಹಿಂದಿನ ಮೇನ್ ಕ್ಯಾಪಿಗೆ ಕೂತಿರುತ್ತದೆ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಹಂಚುವ ಭಾಗ) ಗೇರಿನಿಂದ ಇಳಿದ ಶಾಫ್ಟ್ ಅದನ್ನು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗಿಸುತ್ತದೆ. ಗೇರ್ ಉದ್ದವಾಗಿಸಿ ಸುಮಾರು 25% ಹೆಚ್ಚು ಎಣ್ಣೆ ಕೊಡುವ ಪಂಪು ಆ ಎಂಜಿನ್ನಿಗೆ ಸುಲಭವಾಗಿ ಸಿಗುತ್ತದೆ, ಕೆಲಸಕ್ಕೂ ಬರುತ್ತದೆ. ನಮ್ಮ ರ‍್ಯಾಲಿಗಳಲ್ಲಿ ಓಡಿದ ಜಿಪ್ಸಿ, ಎಸ್ಟೀಮ್‌ಗಳ 1.3 ಲೀಟರ್ ಎಂಜಿನ್ ಹಾಗಲ್ಲ. ಪಂಪು ಕ್ರ್ಯಾಂಕ್‌ನ ಮೂತಿಯಲ್ಲೇ ಇದೆ. ಕ್ರ್ಯಾಂಕ್ 7000 ಸುತ್ತಿದರೆ ಅದೂ 7000. ಆ ವೇಗದಲ್ಲಿ ಕಷ್ಟವಿರುವುದು ಎಣ್ಣೆಯನ್ನು ತಳ್ಳುವುದರಲ್ಲಲ್ಲ, ಎಳೆದುಕೊಳ್ಳುವುದರಲ್ಲಿ. ಸಂಪಿನಿಂದ ಎಣ್ಣೆಯನ್ನು ಮೇಲಕ್ಕೆ ನೂಕಲು ವಾತಾವರಣದ ಒತ್ತಡವಷ್ಟೇ ಇದೆ. ಎಣ್ಣೆ ಎಳೆಯುವ ಪಿಕಪ್ ಪೈಪು ಸಣ್ಣದಿದ್ದರೆ ಪಂಪಿನೊಳಗೆ ತಿರುಗುವ ರೋಟರ್ ಹಲ್ಲುಗಳ ನಡುವಿನ ಜಾಗ ತುಂಬದೆ ಗುಳ್ಳೆಯೇಳುತ್ತದೆ, ಗೇಜಿನ ಮುಳ್ಳು ನಡುಗುತ್ತದೆ. ಅಂಥಲ್ಲಿ ದಪ್ಪ ರೋಟರ್ ಹಾಕಿದರೆ ರೋಗ ಉಲ್ಬಣಿಸುತ್ತದೆ. ಪೈಪಿನ ಒಳವ್ಯಾಸ ಹಿಗ್ಗಿಸಿ, ಗಾಳಿ ಎಳೆಯದಂತೆ ಹೊಸ ಓ-ರಿಂಗ್ ಹಾಕುವುದೇ ಮದ್ದು.

ಪಂಪು ಕೊಡುವುದು ಹರಿವು. ಒತ್ತಡ ಹುಟ್ಟುವುದು ಆ ಹರಿವಿಗೆ ಕ್ರ್ಯಾಂಕ್ ಕೂತು ತಿರುಗುವ ಬೇರಿಂಗ್‌ಗಳು ಒಡ್ಡುವ ತಡೆಯಿಂದ. ಬೇರಿಂಗ್‌ನ ಸಂದಿನಿಂದ ಸೋರುವ ಎಣ್ಣೆ ಆ ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ: 0.04 ಮಿ.ಮೀ. ಇದ್ದದ್ದು 0.06 ಆದರೆ ಸೋರಿಕೆ ಒಂದೂವರೆ ಪಟ್ಟಲ್ಲ, ಸುಮಾರು 3.4 ಪಟ್ಟು. 25% ಹೆಚ್ಚು ಎಣ್ಣೆ ಕೊಡುವ ಪಂಪು ಇದಕ್ಕೆ ಎಲ್ಲಿ ಸಾಕು? ಆದ್ದರಿಂದ ಮೊದಲು ಬೋರ್ ಗೇಜು, ಮೈಕ್ರೋಮೀಟರ್ ಹಿಡಿಯಬೇಕು. ಸಂದು ಜರ್ನಲ್ (ಬೇರಿಂಗ್‌ನಲ್ಲಿ ಕೂರುವ ಕ್ರ್ಯಾಂಕ್ ಭಾಗ) ವ್ಯಾಸದ ಸಾವಿರದಲ್ಲೊಂದು ಭಾಗ ಇರುವುದು ಒಳ್ಳೆಯ ಗುರಿ, 45 ಮಿ.ಮೀ. ಜರ್ನಲ್‌ಗೆ 0.045. ಅಷ್ಟರ ಆಸುಪಾಸಿನಲ್ಲಿದ್ದು, ಟರ್ಬೊ ಇಲ್ಲದೆ, ಕಂಪನಿಯ ಆರ್‌ಪಿಎಂ ಮಿತಿಗಿಂತ ಐನೂರೋ ಸಾವಿರವೋ ಹೆಚ್ಚು ಸುತ್ತುವ ಎಂಜಿನ್‌ಗೆ ಒಳ್ಳೆಯ ಸ್ಥಿತಿಯಲ್ಲಿರುವ ಮೂಲ ಪಂಪೇ ಸಾಕು. ಬೇಕೆಂದೇ ಸಂದು ಹೆಚ್ಚಿಟ್ಟಿದ್ದರೆ, ಟರ್ಬೊ, ಪಿಸ್ಟನ್‌ಗೆ ಎಣ್ಣೆ ಚಿಮ್ಮಿಸುವ ಜೆಟ್, ದೊಡ್ಡ ಆಯಿಲ್ ಕೂಲರ್ ಸೇರಿದ್ದರೆ ಮಾತ್ರ ದೊಡ್ಡ ಪಂಪಿನ ಲೆಕ್ಕ ಹಾಕಿ. 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬ ಹಳೆಯ ಅಂದಾಜು ಇಂದಿಗೂ ಸುರಕ್ಷಿತ, ಆದರೆ ನೋಡಬೇಕಾದ್ದು ಎಣ್ಣೆ 90–100 ಡಿಗ್ರಿಗೆ ಕಾದ ಮೇಲೆ. ತಣ್ಣಗಿನ 20ಡಬ್ಲ್ಯು-50 ದರ್ಜೆಯ ದಪ್ಪ ಎಣ್ಣೆ ಎಂಥ ಸವೆದ ಎಂಜಿನ್‌ನಲ್ಲೂ ಗೇಜನ್ನು ಮೇಲಕ್ಕೇರಿಸುತ್ತದೆ.

ದೊಡ್ಡ ಪಂಪು ಬಹಳ ಶಕ್ತಿ ತಿನ್ನುತ್ತದೆ ಎಂಬ ಮಾತೂ ಪೂರ್ತಿ ಸರಿಯಲ್ಲ. ನಿಮಿಷಕ್ಕೆ 40 ಲೀಟರ್, 5 ಬಾರ್ ಎಂದರೆ ಸುಮಾರು ಮೂರನೇ ಒಂದು ಕಿಲೋವ್ಯಾಟ್. ಪಂಪಿನ ಒಳನಷ್ಟ ಸೇರಿದರೂ ಒಂದು ಹಾರ್ಸ್‌ಪವರ್ ದಾಟದು. ಹೆಚ್ಚಾದ ಎಣ್ಣೆ, ಒತ್ತಡ ಮಿತಿ ಮೀರಿದಾಗ ತೆರೆಯುವ ರಿಲೀಫ್ ವಾಲ್ವ್‌ನಲ್ಲಿ ಸುಮ್ಮನೆ ಸುತ್ತಿ ಬಿಸಿಯಾಗುವುದು, ಪಂಪನ್ನು ತಿರುಗಿಸುವ ಭಾಗಗಳು ಸವೆಯುವುದು ಅದಕ್ಕಿಂತ ದೊಡ್ಡ ನಷ್ಟ.

ಗ್ಯಾರೇಜ್‌ಗಳಲ್ಲಿ ನಿಲ್ಲಲೇಬೇಕಾದ ರೂಢಿಯೊಂದಿದೆ: ರಿಲೀಫ್ ಸ್ಪ್ರಿಂಗ್ ಹಿಂದೆ ವಾಷರ್ ಇಟ್ಟು ಒತ್ತಡ ಏರಿಸುವುದು. ವಾಲ್ವ್ ಇನ್ನೂ ತೆರೆಯದ ವೇಗದಲ್ಲಿ ಇದರಿಂದ ಏನೂ ಬದಲಾಗುವುದಿಲ್ಲ. ಐಡಲ್‌ನಲ್ಲಿ ಒತ್ತಡ ಕಡಿಮೆಯಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಮೇಲಿನ ವೇಗದಲ್ಲಿ ಮಾತ್ರ ಒತ್ತಡ ಏರುತ್ತದೆ. ವಾಷರ್ ದಪ್ಪವಾದರೆ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ತಾಗಿ ವಾಲ್ವ್ ಪೂರ್ತಿ ತೆರೆಯುವುದೇ ಇಲ್ಲ. ಚಿಕ್ಕಮಗಳೂರಿನ ಚಳಿಯ ಬೆಳಗಿನಲ್ಲಿ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದರೆ ಫಿಲ್ಟರ್ ಡಬ್ಬಿ ಉಬ್ಬಿ ಸೀಲ್ ಕಿತ್ತುಬರಬಹುದು. ಒತ್ತಡ ಬೇಕಾದರೆ ಆ ಪಂಪಿಗೆಂದೇ ತಯಾರಾದ ಸ್ಪ್ರಿಂಗ್ ಹಾಕಿಸಿ.

ಪಂಪಿನ ಗೇರ್‌ಗಳು ಅನೇಕ ಎಂಜಿನ್‌ಗಳಲ್ಲಿ ಲೋಹದ ಪುಡಿ ಒತ್ತಿ ಬೇಯಿಸಿದವು. ಮಾಮೂಲಿ ಓಟಕ್ಕೆ ಗಟ್ಟಿ, ಪೆಟ್ಟಿಗೆ ಪುಕ್ಕಲು. ನಿಸಾನ್ ಆರ್‌ಬಿ26 ಎಂಜಿನ್‌ನಲ್ಲಿ, ಸುತ್ತುಗಳಿಗೆ ಮಿತಿ ಹಾಕುವ ರೆವ್ ಲಿಮಿಟರ್‌ಗೆ ಪದೇ ಪದೇ ಬಡಿದಾಗ ಗೇರ್ ಒಡೆಯುವುದು ಜಗತ್ತಿನ ಟ್ಯೂನರ್‌ಗಳಿಗೆಲ್ಲ ಗೊತ್ತಿರುವ ಕಥೆ. ಅದರ ಹಳೆಯ ಕ್ರ್ಯಾಂಕ್‌ಗಳಲ್ಲಿ ಗೇರ್ ಕೂರುವ ಮುಖವೂ ಕಿರಿದು. ಹೋಂಡಾ ಬಿ ಸರಣಿಯಲ್ಲಿ ಕ್ರ್ಯಾಂಕ್‌ನ ಕಂಪನ ತಗ್ಗಿಸುವ ಡ್ಯಾಂಪರ್ ತೆಗೆದು ಹಗುರ ಅಲ್ಯೂಮಿನಿಯಂ ಪುಲ್ಲಿ ಹಾಕಿದಾಗ ಕ್ರ್ಯಾಂಕ್‌ನ ತಿರುಚು ಕಂಪನ ನೇರ ಪಂಪಿಗೆ ಬಡಿಯುತ್ತದೆ. ಇಂಥ ಎಂಜಿನ್‌ಗಳಿಗೆ ಹೆಚ್ಚು ಹರಿವಿಗಿಂತ ಉಕ್ಕಿನ ಗಟ್ಟಿಯಿಂದ ಕಡೆದ ಗೇರ್ ಮುಖ್ಯ. ಡ್ಯಾಂಪರ್ ಮಾತ್ರ ತೆಗೆಯಲೇಬೇಡಿ.

ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಪಂಪು ತಂದರೂ, ಹಳೆಯ ಎಂಜಿನ್‌ನಿಂದ ಬಿಚ್ಚಿದ್ದನ್ನು ತಂದರೂ ಹಿಂಬದಿಯ ತಟ್ಟೆ ಬಿಚ್ಚಿ ಅಳೆಯಿರಿ. ಸುಜುಕಿ ಜಿ ಸರಣಿಯಲ್ಲಿ (ಜಿಪ್ಸಿ, ಎಸ್ಟೀಮ್‌ಗಳ ಎಂಜಿನ್) ಹೊರ ರೋಟರ್ ಮತ್ತು ಪಂಪಿನ ಕವಚದ ನಡುವಿನ ಸಂದು 0.31 ಮಿ.ಮೀ., ಪಕ್ಕದ (ರೋಟರ್ ಮತ್ತು ತಟ್ಟೆಯ ನಡುವಿನ) ಸಂದು 0.15 ಮಿ.ಮೀ. ಮೀರಬಾರದು. ಐಡಲ್ ಒತ್ತಡವನ್ನು ಹೆಚ್ಚಾಗಿ ಕೆಡಿಸುವುದು ಈ ಪಕ್ಕದ ಸಂದೇ. ಬ್ಲಾಕ್ ಲೈನ್ ಬೋರ್ ಆಗಿದ್ದರೆ (ಕ್ರ್ಯಾಂಕ್ ಕೂರುವ ರಂಧ್ರಗಳನ್ನು ಮತ್ತೆ ಕೊರೆದು ನೇರಗೊಳಿಸಿದ್ದರೆ) ಕ್ರ್ಯಾಂಕ್ ಕೂದಲೆಳೆಯಷ್ಟು ಸರಿದಿರುತ್ತದೆ. ಪಂಪು ಕೂರಿಸಿ ಕೈಯಿಂದ ಸುತ್ತಿಸಿ, ಎಲ್ಲೂ ಉಜ್ಜದಿರಲಿ. ತಟ್ಟೆಯ ಸ್ಕ್ರೂಗಳಿಗೆ ಥ್ರೆಡ್ ಲಾಕ್ ಹಚ್ಚಿ. ಸೋರದಂತೆ ಹಚ್ಚುವ ಸಿಲಿಕೋನ್ ತೆಳ್ಳಗಿರಲಿ, ಒಳಗೆ ಉದುರಿದ ಚೂರು ನೇರ ಸ್ಟ್ರೇನರ್ (ಪಿಕಪ್ ಬಾಯಿಯ ಜಾಲರಿ) ಸೇರುತ್ತದೆ. ಸ್ಟ್ರೇನರ್‌ಗೂ ಸಂಪಿನ ತಳಕ್ಕೂ 6ರಿಂದ 10 ಮಿ.ಮೀ. ಇರಲಿ, ಜೇಡಿಮಣ್ಣಿನ ಉಂಡೆ ಇಟ್ಟು ಸಂಪ್ ಕೂರಿಸಿ ತೆಗೆದರೆ ಅಳತೆ ಸಿಗುತ್ತದೆ. ತಿರುವಿನಲ್ಲಿ ಎಣ್ಣೆ ಬದಿಗೆ ಸರಿದರೆ ಯಾವ ಪಂಪೂ ಗಾಳಿಯನ್ನೇ ಎಳೆಯುತ್ತದೆ. ಸಂಪಿಗೆ ತಡೆಗೋಡೆ ಬೆಸೆಸಲು ಕೊಡುವ ಹಣ ಪಂಪಿಗೆ ಕೊಡುವುದಕ್ಕಿಂತ ಸಾರ್ಥಕ.

ರೋಟರ್‌ಗಳ ನಡುವೆ ಪೆಟ್ರೋಲಿಯಂ ಜೆಲ್ಲಿ ತುಂಬಿ ಜೋಡಿಸಿ; ಗ್ರೀಸ್ ಬೇಡ, ಅದು ಬೇಗ ಕರಗುವುದಿಲ್ಲ. ಇಂಧನ ಮತ್ತು ಇಗ್ನಿಷನ್ ಕಡಿದು, ಸ್ಪಾರ್ಕ್ ಪ್ಲಗ್ ತೆಗೆದು, ಗೇಜಿನಲ್ಲಿ ಒತ್ತಡ ಕಾಣುವವರೆಗೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಬೇಡಿ, ಒತ್ತಡ ಅರ್ಧ ಬಾರ್‌ಗೂ ಕೆಳಗಿಳಿದ ಮೇಲೆಯೇ ಅದು ಸಾಮಾನ್ಯವಾಗಿ ಹೊತ್ತಿಕೊಳ್ಳುವುದು. ಮೊದಲ ಅರ್ಧ ಗಂಟೆ ಓಡಿದ ಮೇಲೆ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟದ ಮಿನುಗು ಕಂಡರೆ ಬೇರಿಂಗ್ ಕಡೆ ನೋಡಿ. ಅಂಟುವ ಚೂರು ಕಂಡರೆ ಕಾರು ಅಲ್ಲೇ ನಿಲ್ಲಲಿ, ಪಂಪು ಬಿಚ್ಚಿ.

– ಎಂಜಿನ್ ಮರುಜೋಡಣೆಯ ಕೆಲಸಗಾರರು, ಬೆಂಗಳೂರು